ಮೂರು ಸೆಂಟಿಮೀಟರ್ ಜಿಗಿತ

ಬ್ಯಾಡ್ಮಿಂಟನ್ ನೋಡುವಾಗ ಷಟಲ್ ಬಿಟ್ಟು ಆಟಗಾರರ ಪಾದ ನೋಡಿ. ಎದುರಾಳಿ ಹೊಡೆಯುವ ಹೊತ್ತಿಗೆ ಎರಡೂ ಪಾದಗಳು ಒಮ್ಮೆ ನೆಲಬಿಟ್ಟು ಮತ್ತೆ ಊರುತ್ತವೆ. ಇದೇ ಸ್ಪ್ಲಿಟ್ ಸ್ಟೆಪ್. ಇದು ಕೂಡಿಬರದಿದ್ದರೆ ತೊಡೆಯಲ್ಲಿ ಎಷ್ಟೇ ಬಲವಿರಲಿ, ಮೂಲೆಗೆ ಹೋಗುವುದು ತಡವೇ.

ಕಣ್ಣು ಕಂಡದ್ದಕ್ಕೆ ದೇಹ ಸ್ಪಂದಿಸಲು ಸುಮಾರು 0.2 ಸೆಕೆಂಡ್ ಬೇಕು. ಆಯ್ಕೆಗಳು ಹೆಚ್ಚಿದಷ್ಟೂ ಈ ಅವಧಿ ಬೆಳೆಯುತ್ತದೆ ಎಂದು ಮನಃಶಾಸ್ತ್ರಜ್ಞ ವಿಲಿಯಂ ಹಿಕ್ 1952ರಲ್ಲೇ ತೋರಿಸಿದ್ದರು. ಕೋರ್ಟಿನಲ್ಲಂತೂ ಓಡಬೇಕಾದ ದಿಕ್ಕು ಆರು. ಮಿದುಳು ದಿಕ್ಕು ತೀರ್ಮಾನಿಸುವಷ್ಟರಲ್ಲಿ ಈ ಜಿಗಿತ ಕಾಲನ್ನು ಅಣಿ ಮಾಡುತ್ತದೆ. ಇಳಿಯುವಾಗ ಮೀನಖಂಡ, ತೊಡೆಯ ಸ್ನಾಯುಗಳು ಹಿಗ್ಗುತ್ತವೆ, ಸ್ನಾಯುರಜ್ಜುಗಳು ಶಕ್ತಿ ಹಿಡಿದಿಟ್ಟು ಮರುಕ್ಷಣ ಬಿಟ್ಟುಕೊಡುತ್ತವೆ. ನುರಿತವರು ಬಲಕ್ಕೆ ಹೊರಡುವಾಗ ಎಡಗಾಲನ್ನು ತುಸು ಮೊದಲೇ ಊರಿ ತಳ್ಳುವುದೂ ಉಂಟು.

ಹೊಸಬರು ಎಡವುವುದು ಎತ್ತರದಲ್ಲಿ. 10 ಸೆಂ.ಮೀ. ಜಿಗಿದರೆ ಸುಮಾರು 0.29 ಸೆಕೆಂಡ್ ಗಾಳಿಯಲ್ಲೇ ಕಳೆಯುತ್ತದೆ. ಅಷ್ಟು ಹೊತ್ತು ತಳ್ಳಲು ನೆಲವೇ ಇಲ್ಲ. 3 ಸೆಂ.ಮೀ. ಆದರೆ 0.16 ಸೆಕೆಂಡ್, ಅಷ್ಟು ಸಾಕು. ಪಾದಗಳ ಅಂತರ ಭುಜದಗಲಕ್ಕಿಂತ ತುಸು ಹೆಚ್ಚಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಭಾರ ಪಾದದ ಮುಂಭಾಗದ ಮೇಲಿರಲಿ. ಬೇಗ ಜಿಗಿದರೂ ಕೆಟ್ಟಿತು: ಷಟಲ್ ಹೊರಡುವ ಮೊದಲೇ ಇಳಿದು ಹಿಮ್ಮಡಿ ಊರಿದರೆ ಆ ಶಕ್ತಿ ಸೋರಿಹೋಗುತ್ತದೆ. 1980ರಲ್ಲಿ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದ ಪ್ರಕಾಶ್ ಪಡುಕೋಣೆ ಅವರಂಥ ಕೈಚಳಕದ ಆಟಗಾರರು ಹೊಡೆತವನ್ನು ಒಂದು ಗಳಿಗೆ ತಡೆದು ಎದುರಾಳಿಯನ್ನು ಸಿಕ್ಕಿಸುವುದು ಇಲ್ಲೇ.

ನೆಲದ ಮೇಲೆ ಏಣಿಯಂಥ ಪಟ್ಟಿ (ಲ್ಯಾಡರ್) ಹಾಸಿ ಟಕಟಕ ಹೆಜ್ಜೆ ಹಾಕುವುದು ನೋಡಲು ಚೆಂದ, ಬಿಸಿಯೇರಲು ಒಳ್ಳೆಯದು. ಆದರೆ ಮುಂದಿನ ಹೆಜ್ಜೆ ಯಾವುದೆಂದು ಮೊದಲೇ ಗೊತ್ತಿರುವ ಕಡೆ ಪ್ರತಿಕ್ರಿಯೆಗೆ ಕೆಲಸವೇ ಇಲ್ಲ. ಅದಕ್ಕಿಂತ ಜೊತೆಗಾರರೊಬ್ಬರು ನೆಟ್‌ನ ಆಚೆ ನಿಂತು ರ‍್ಯಾಕೆಟ್ ಬೀಸಿ, ಬೀಸು ಮುಗಿಯುವಾಗ ಒಂದು ಮೂಲೆ ತೋರಿಸಲಿ. ನೀವು ಆ ಬೀಸಿಗೆ ಜಿಗಿಯಿರಿ, ಮೂಲೆ ಮುಟ್ಟಿ ನಡುವಿಗೆ ಮರಳಿ. ನಡುನಡುವೆ ಅವರು ಬೀಸನ್ನು ತಡೆದು ಮೋಸ ಮಾಡಲೇಬೇಕು.

ಕೋರ್ಟ್ ಸಿಗದಿದ್ದರೆ ಟೆನಿಸ್ ಚೆಂಡು ಸಾಕು. ನಿಮ್ಮಿಂದ 4 ಮೀಟರ್ ದೂರದಲ್ಲಿ ಜೊತೆಗಾರರು ಎರಡೂ ಕೈ ಚಾಚಿ, ಕೈಗೊಂದು ಚೆಂಡು ಹಿಡಿದು, ಭುಜದೆತ್ತರದಿಂದ ಯಾವುದೋ ಒಂದನ್ನು ಬಿಡಲಿ. ಅದು ಎರಡನೇ ಸಲ ನೆಲಕ್ಕೆ ಬಡಿಯುವ ಮೊದಲು ಹಿಡಿಯಬೇಕು. ಒಂದೂವರೆ ಮೀಟರ್ ಎತ್ತರದಿಂದ ಬಿದ್ದರೆ ನಿಮಗೆ ಸಿಗುವುದು ಸುಮಾರು 1.4 ಸೆಕೆಂಡ್. ಸಲೀಸಾಗಿ ಸಿಕ್ಕರೆ ಅರ್ಧ ಮೀಟರ್ ಹಿಂದೆ ಸರಿಯಿರಿ.

ಮೂಲೆ ಮುಟ್ಟಲು ಇಡುವ ಕೊನೆಯ ಚಾಚು ಹೆಜ್ಜೆಯಲ್ಲಿ (ಲಂಜ್) ಮಾತ್ರ ಹಿಮ್ಮಡಿ ಮೊದಲು ಊರಲಿ, ಮಂಡಿ ಪಾದದ ದಿಕ್ಕಿಗೇ ಬಾಗಲಿ. ಒಳಕ್ಕೆ ವಾಲಿದರೆ ಮಂಡಿಗೆ ಪೆಟ್ಟು. ಒಂದು ಸರದಿ 8ರಿಂದ 10 ಸೆಕೆಂಡ್, ವಿಶ್ರಾಂತಿ ಒಂದು ನಿಮಿಷ, ಅಂಥ ಆರೆಂಟು ಸರದಿ. ವಿಶ್ರಾಂತಿ ಕಡಿತ ಮಾಡಿದರೆ ಬೆಳೆಯುವುದು ದಮ್ಮು, ಚುರುಕಲ್ಲ. ಹೆಜ್ಜೆಯ ಸದ್ದು ಭಾರವಾಗತೊಡಗಿದರೆ ಆ ದಿನಕ್ಕೆ ನಿಲ್ಲಿಸಿ.