ಕೆರೆಮಣ್ಣಿಗೆ ಚಿಪ್ಪಿನ ಸುಣ್ಣ

ಕೋಲಾರದ ಹೊರವಲಯದಲ್ಲಿ, ಕೆರೆ ಅಂಚಿಗೆ ಗೆಳೆಯರೊಬ್ಬರ ಮನೆಯಿದೆ. ಬೇಸಿಗೆಯಲ್ಲಿ ಅವರ ಗೋಡೆಯ ಬಿರುಕಿಗೆ ಬೆರಳ ತುದಿ ಹೋಗುತ್ತದೆ. ಮಳೆ ಹಿಡಿದರೆ ಬಿರುಕು ಸಣ್ಣದಾಗುತ್ತದೆ. ಪಾಯದ ಕೆಳಗಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಇಂಥ ಮಣ್ಣನ್ನು ಗಟ್ಟಿ ಮಾಡಲು ಕಸವಾಗಿ ಬಿದ್ದ ಸಮುದ್ರದ ಚಿಪ್ಪು ಸಾಕು ಅನ್ನುವ ಮಾತು ಈಗ ಕೇಳಿಬರುತ್ತಿದೆ. ಹೊಸದು ಅನ್ನಿಸುತ್ತದೆ, ಅಲ್ವಾ?

ಆದರೆ ಇದು ಹಳೇ ಕಸುಬು. ನಮ್ಮ ಬಯಲುಸೀಮೆಯಲ್ಲಿ ಸುಣ್ಣಕಲ್ಲು ಸುಡುತ್ತಿದ್ದರು, ಕರಾವಳಿಯಲ್ಲಿ ಚಿಪ್ಪು. ಗಾರೆಗೂ ಆ ಸುಣ್ಣವೇ, ಎಲೆಅಡಿಕೆಗೂ ಅದೇ. 1904ರಲ್ಲಿ ಮದ್ರಾಸಿನಲ್ಲಿ ಶುರುವಾದ ದೇಶದ ಮೊದಲ ಸಿಮೆಂಟ್ ಕಾರ್ಖಾನೆಯೂ ಸಮುದ್ರದ ಚಿಪ್ಪನ್ನೇ ನೆಚ್ಚಿಕೊಂಡಿತ್ತು. ಮುಂದೆ ಸಿಮೆಂಟ್ ಮೂಟೆ ಊರೂರಿಗೆ ಬಂತು, ಸುಣ್ಣದ ಗೂಡುಗಳು ಒಂದೊಂದಾಗಿ ಆರಿದವು. ಅತ್ತ ದಕ್ಷಿಣ ಕೊರಿಯಾದ ಕರಾವಳಿಯಲ್ಲಿ ಸಿಂಪಿ ಸಾಕುವವರು ಬಿಸಾಡಿದ ಚಿಪ್ಪು ಗುಡ್ಡೆಯಾಗಿ ನಾರತೊಡಗಿತು. ಅಂಥ ಕಸವನ್ನು ಮತ್ತೆ ಬಳಸಲೆಂದೇ ಅಲ್ಲಿ 2022ರಲ್ಲಿ ಒಂದು ಕಾನೂನು ಜಾರಿಯಾಯಿತು.

ಇಲ್ಲೊಂದು ವಿಷಯ ಬಿಡಿಸಿ ಹೇಳಲೇಬೇಕು. ಸುಮ್ನೆ ಪುಡಿ ಮಾಡಿದ ಚಿಪ್ಪು ಬೇರೆ, ಸುಟ್ಟ ಚಿಪ್ಪು ಬೇರೆ. ಪುಡಿ ಹೆಚ್ಚಾಗಿ ಮರಳಿನ ಕೆಲಸ ಮಾಡುತ್ತದೆ. ಜೇಡಿಯ ಗುಣ ಬದಲಾಗಬೇಕಾದರೆ ಚಿಪ್ಪನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟು ಸುಣ್ಣ ಮಾಡಬೇಕು. ಅಂಗೈಗೆ ಮೆತ್ತುವ ಕೆರೆಮಣ್ಣಿಗೆ ಆ ಸುಣ್ಣ ಕಲೆಸಿ ನೋಡಿ. ಸ್ವಲ್ಪ ಹೊತ್ತಿನಲ್ಲೇ ಅಂಟು ಕಡಿಮೆಯಾಗಿ ಮಣ್ಣು ಉದುರುದುರಾಗುತ್ತದೆ. ಹದವಾಗಿ ತೇವವಿಟ್ಟು ದಮ್ಮಸು ಮಾಡಿದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಗಟ್ಟಿಯಾಗುತ್ತಾ ಹೋಗುತ್ತದೆ. ರಸ್ತೆ ಕೆಲಸದಲ್ಲಿ ಸುಣ್ಣ ಬೆರೆಸಿದ ಮಣ್ಣು ಬಳಸುವುದಕ್ಕೆ ಹೆದ್ದಾರಿ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಇದೆ.

ಸುಡುವುದಕ್ಕೂ ಬೆಲೆಯಿದೆ. ಚಿಪ್ಪಿನಲ್ಲಿ ಹೆಚ್ಚಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅಪ್ಪಟವಾದದ್ದನ್ನು 100 ಕಿಲೋ ಸುಟ್ಟರೆ ಸಿಗುವ ಸುಣ್ಣ 56 ಕಿಲೋ. ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಸೌದೆ ಇಲ್ಲವೇ ಕಲ್ಲಿದ್ದಲಿನ ಹೊಗೆ ಬೇರೆ. ಚಿಪ್ಪಿನ ಉಪ್ಪು ತೊಳೆಯಬೇಕು, ಘಟ್ಟ ಹತ್ತಿಸಿ ಲಾರಿಯಲ್ಲಿ ತರಬೇಕು. ಕೋಲಾರಕ್ಕೆ ಮಂಗಳೂರಿಗಿಂತ ಚೆನ್ನೈ ಕಡಲೇ ಹತ್ತಿರ. ಅಷ್ಟೆಲ್ಲ ಮಾಡಿದರೂ ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಿಗೆ ಸುಣ್ಣ ಹೆಚ್ಚು ಕೆಲಸ ಮಾಡದು. ಅದು ಹಿಡಿಯುವುದು ಜೇಡಿಯನ್ನು. ಹಾಗಾಗಿ ಜಿಲ್ಲೆಗೆಲ್ಲ ಚಿಪ್ಪು ತರಿಸುವ ಮಾತು ನನಗೆ ಒಪ್ಪಿಗೆಯಿಲ್ಲ. ಕೆರೆ ಅಂಚಿನ ಜಾಗಕ್ಕಾದರೆ ಯೋಚಿಸಬಹುದು.

ಗೆಳೆಯರ ಪಕ್ಕದ ಸೈಟಿನಲ್ಲಿ ಈಗ ಪಾಯ ತೆಗೆಯುತ್ತಿದ್ದಾರೆ. ಗುಂಡಿಯಲ್ಲಿ ಅದೇ ಕಪ್ಪು ಜೇಡಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಅಂತ ಆ ಮನೆಯವರಿಗೆ ಹೇಳಿ ಬಂದಿದ್ದೇನೆ.