ಕಾಲೇಜಿನ ಏಳಡಿ ತಾರೆ ಎನ್‌ಬಿಎಯಲ್ಲಿ ನಿಲ್ಲುತ್ತಾನೆಯೇ? ಅಂಕ ಬಿಟ್ಟು ಏನನ್ನು ನೋಡಬೇಕು

ಪ್ರಶ್ನೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಪಂದ್ಯಕ್ಕೆ 20–25 ಅಂಕ ಗಳಿಸಿ ಮೆರೆದ ಏಳಡಿ ಆಟಗಾರರು ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಹೋದ ಮೇಲೆ ಎಷ್ಟೋ ಸಲ ಬೆಂಚಿನಲ್ಲೇ ಕೂತಿರುತ್ತಾರೆ. ಕಾಲೇಜಿನಲ್ಲಿ ಅಷ್ಟೇನೂ ಸದ್ದು ಮಾಡದವರು ಅಲ್ಲಿ ಸ್ಟಾರ್ ಆಗುತ್ತಾರೆ. ಯಾರು ನಿಲ್ಲುತ್ತಾರೆ, ಯಾರು ನಿಲ್ಲುವುದಿಲ್ಲ ಎಂದು ಮೊದಲೇ ಗುರುತಿಸುವುದು ಹೇಗೆ?

ಉತ್ತರ: ಅವನು ಎಷ್ಟು ಅಂಕ ಹೊಡೆಯುತ್ತಾನೆ ಎಂಬುದನ್ನು ಕೊನೆಗೆ ನೋಡಿ. ಚೆಂಡು ಎದುರಾಳಿಯ ಕೈಯಲ್ಲಿರುವಾಗ, ಬಾಸ್ಕೆಟ್‌ನಿಂದ ಇಪ್ಪತ್ತೈದು ಅಡಿ ದೂರದಲ್ಲಿ ಅವನು ಏನು ಮಾಡುತ್ತಾನೆ ಎಂಬುದನ್ನು ಮೊದಲು ನೋಡಿ. ನನ್ನ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಉತ್ತರ ಅಲ್ಲೇ ಸಿಗುತ್ತದೆ. ರಣಜಿಯಲ್ಲಿ ರನ್ ಗುಡ್ಡೆ ಹಾಕಿದವರೆಲ್ಲ ಟೆಸ್ಟ್ ಕ್ರಿಕೆಟ್‌ನಲ್ಲಿ ನಿಲ್ಲಲಿಲ್ಲ ಎಂಬುದು ನಮಗೆ ಹೊಸ ವಿಷಯವಲ್ಲ. ಆದರೆ ಬ್ಯಾಸ್ಕೆಟ್‌ಬಾಲ್‌ನ ದೊಡ್ಡಾಳುಗಳ ವಿಷಯದಲ್ಲಿ ಹಾಗಾಗುವುದಕ್ಕೆ ಕಾರಣಗಳು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿವೆ.

2015ರ ಏಪ್ರಿಲ್ ತಿಂಗಳನ್ನೇ ತೆಗೆದುಕೊಳ್ಳೋಣ. ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಕಾಲೇಜು ಚಾಂಪಿಯನ್‌ಷಿಪ್‌ನ ಕೊನೆಯ ಸುತ್ತಿನಲ್ಲಿ ಒಂದೇ ವಾರಾಂತ್ಯಕ್ಕೆ ಮೂವರು ಸೆಂಟರ್‌ಗಳು, ಅಂದರೆ ಬಾಸ್ಕೆಟ್ ಬಳಿ ಆಡುವ ದೊಡ್ಡಾಳುಗಳು, ಬಂದಿಳಿದಿದ್ದರು. ವಿಸ್ಕಾನ್ಸಿನ್‌ನ ಫ್ರ್ಯಾಂಕ್ ಕಮಿನ್ಸ್ಕಿ ನಾಲ್ಕನೇ ವರ್ಷದ ವಿದ್ಯಾರ್ಥಿ, ಆ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ. ಡ್ಯೂಕ್‌ನ ಜಲೀಲ್ ಓಕಾಫೋರ್ ಮೊದಲ ವರ್ಷದ ಹುಡುಗ, ಪಂದ್ಯಕ್ಕೆ 17.3 ಅಂಕ. ಬಾಸ್ಕೆಟ್‌ಗೆ ಬೆನ್ನು ಹಾಕಿ ಚೆಂಡು ಹಿಡಿದರೆ ತಡೆಯುವವರಿರಲಿಲ್ಲ. ಕೆಂಟಕಿಯ ಕಾರ್ಲ್-ಆಂಥನಿ ಟೌನ್ಸ್ ಕೂಡ ಮೊದಲ ವರ್ಷದವನೇ. ಆದರೆ ಪಂದ್ಯಕ್ಕೆ ಆಡುತ್ತಿದ್ದದ್ದು ಸುಮಾರು 21 ನಿಮಿಷ, ಗಳಿಸುತ್ತಿದ್ದದ್ದು 10.3 ಅಂಕ. ಅಲ್ಲಿಯವರೆಗೆ 38 ಪಂದ್ಯ ಗೆದ್ದು ಒಂದನ್ನೂ ಸೋಲದಿದ್ದ ಕೆಂಟಕಿಯನ್ನು ವಿಸ್ಕಾನ್ಸಿನ್ 71–64ರಲ್ಲಿ ಮನೆಗೆ ಕಳಿಸಿತು. ಫೈನಲ್‌ನಲ್ಲಿ ಡ್ಯೂಕ್ 68–63ರಲ್ಲಿ ವಿಸ್ಕಾನ್ಸಿನ್ ತಂಡವನ್ನು ಸೋಲಿಸಿತು. ಕಪ್ ಓಕಾಫೋರ್ ತಂಡಕ್ಕೆ, ಪ್ರಶಸ್ತಿಗಳು ಕಮಿನ್ಸ್ಕಿಗೆ.

ಜೂನ್‌ನಲ್ಲಿ ಡ್ರಾಫ್ಟ್, ಅಂದರೆ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ, ನಡೆದಾಗ ಮೊದಲು ಕರೆದದ್ದು ಟೌನ್ಸ್ ಹೆಸರನ್ನು. ಓಕಾಫೋರ್ ಮೂರನೆಯವನಾಗಿ ಫಿಲಡೆಲ್ಫಿಯಾಗೆ, ಕಮಿನ್ಸ್ಕಿ ಒಂಬತ್ತನೆಯವನಾಗಿ ಶಾರ್ಲೆಟ್‌ಗೆ ಹೋದರು. ಓಕಾಫೋರ್ ಮೊದಲ ವರ್ಷ ಪಂದ್ಯಕ್ಕೆ 17.5 ಅಂಕ ಹೊಡೆದ. ಕಾಲೇಜಿನಲ್ಲಿ ಹೊಡೆದದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚೇ. ಆದರೆ ಅವನ ತಂಡ ಆ ವರ್ಷ 82 ಪಂದ್ಯಗಳಲ್ಲಿ ಗೆದ್ದದ್ದು ಹತ್ತನ್ನು. 2017ರ ಡಿಸೆಂಬರ್ ಹೊತ್ತಿಗೆ ಫಿಲಡೆಲ್ಫಿಯಾ ಅವನನ್ನು ಬ್ರೂಕ್ಲಿನ್‌ಗೆ ಕೊಟ್ಟು ಕೈ ತೊಳೆದುಕೊಂಡಿತು. ಮುಂದೆ ಚೀನಾದ ಲೀಗ್‌ನಲ್ಲೂ ಆಡಿದ. ಕಮಿನ್ಸ್ಕಿ ಒಳ್ಳೆಯ ಬದಲಿ ಆಟಗಾರನಾಗಿ ಕೆಲವು ವರ್ಷ ಬಾಳಿದ. ಟೌನ್ಸ್ ಆ ವರ್ಷದ ಅತ್ಯುತ್ತಮ ಹೊಸ ಆಟಗಾರನಾದ, ಆಮೇಲೆ ಹಲವು ಸಲ ಆಲ್-ಸ್ಟಾರ್, 2022ರಲ್ಲಿ ಮೂರು ಅಂಕದ ಶಾಟ್‌ಗಳ ಸ್ಪರ್ಧೆಯ ವಿಜೇತ.

ಇದನ್ನು ಕಾಲೇಜಿನ ಅಂಕಿಅಂಶಗಳಲ್ಲೇ ಕಾಣಬಹುದಿತ್ತೇ? ಬಹುಮಟ್ಟಿಗೆ ಹೌದು, ಆದರೆ ಅಂಕದ ಕಾಲಂನಲ್ಲಿ ಅಲ್ಲ. ಟೌನ್ಸ್ 21 ನಿಮಿಷದಲ್ಲಿ ಪಂದ್ಯಕ್ಕೆ ಎರಡಕ್ಕಿಂತ ಹೆಚ್ಚು ಬ್ಲಾಕ್ (ಎದುರಾಳಿಯ ಶಾಟ್ ಬಡಿದು ತಡೆಯುವುದು) ಮಾಡುತ್ತಿದ್ದ. ಓಕಾಫೋರ್ 30 ನಿಮಿಷ ಆಡಿಯೂ ಒಂದೂವರೆ ಮುಟ್ಟುತ್ತಿರಲಿಲ್ಲ. ಫ್ರೀ ಥ್ರೋಗಳಲ್ಲಿ, ಅಂದರೆ ಫೌಲ್ ಆದಾಗ ಸಿಗುವ ಅಡ್ಡಿಯಿಲ್ಲದ ಎಸೆತಗಳಲ್ಲಿ, ಟೌನ್ಸ್‌ನ ಯಶಸ್ಸು ಶೇ 81, ಓಕಾಫೋರ್‌ನದು ಶೇ 51. ಈ ಎರಡು ಜೋಡಿ ಸಂಖ್ಯೆಗಳಲ್ಲಿ ಇಬ್ಬರ ಮುಂದಿನ ಹತ್ತು ವರ್ಷದ ಕಥೆಯ ದೊಡ್ಡ ಭಾಗ ಅಡಗಿತ್ತು.

ಫ್ರೀ ಥ್ರೋಗೆ ಯಾಕೆ ಅಷ್ಟು ಬೆಲೆ? ಕಾಲೇಜಿನಲ್ಲಿ ದೊಡ್ಡ ಆಟಗಾರನಿಗೆ ಕೋಚ್ ಮೂರು ಅಂಕದ ಗೆರೆಯಿಂದ (ಅದರಾಚೆಯಿಂದ ಹಾಕಿದರೆ ಎರಡರ ಬದಲು ಮೂರು ಅಂಕ) ಹೊಡೆಯಲು ಬಿಡುವುದು ಕಡಿಮೆ. ಟೌನ್ಸ್ ಇಡೀ ಸೀಸನ್‌ನಲ್ಲಿ ಆ ಗೆರೆಯಿಂದ ಎಸೆದದ್ದು ಎಂಟು ಸಲ, ಒಳಗೆ ಬಿದ್ದದ್ದು ಎರಡು. ಅದನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ಫ್ರೀ ಥ್ರೋ ಎಲ್ಲರಿಗೂ ಒಂದೇ ದೂರ, ಎದುರಿಗೆ ಯಾರೂ ಇಲ್ಲ, ಪಾದ ನೆಲದಲ್ಲಿ. ಮಣಿಕಟ್ಟು ನೇರವಾಗಿ ಮುಗಿಯುತ್ತದೆಯೇ, ಚೆಂಡು ಪ್ರತಿ ಸಲ ಒಂದೇ ರೀತಿ ಕೈಬಿಡುತ್ತದೆಯೇ ಎಂಬುದು ಅಲ್ಲಿ ಬಯಲಾಗುತ್ತದೆ. ಕೈ ಸರಿ ಇದ್ದವನಿಗೆ ದೂರ ಕಲಿಸಬಹುದು. ಸ್ಟ್ಯಾನ್‌ಫರ್ಡ್‌ನಿಂದ ಬಂದ ಬ್ರೂಕ್ ಲೋಪೆಜ್ ಎನ್‌ಬಿಎಯ ಮೊದಲ ಎಂಟು ಸೀಸನ್‌ಗಳಲ್ಲಿ ಮೂರು ಅಂಕದ ಶಾಟ್ ಹಾಕಿದ್ದು ಬರೀ ಮೂರು. ಆದರೆ ಅವನ ಫ್ರೀ ಥ್ರೋ ಮೊದಲಿಂದಲೂ ಶೇ 80ರ ಆಸುಪಾಸಿನಲ್ಲಿತ್ತು. 2016–17ರಲ್ಲಿ ಹೊಡೆಯಲು ಅನುಮತಿ ಸಿಕ್ಕಿದ್ದೇ ತಡ, ಒಂದೇ ಸೀಸನ್‌ನಲ್ಲಿ 134 ಹಾಕಿದ!

ಇನ್ನು ಅಂಗಳದ ಅಳತೆಯ ವಿಷಯ. ಇದನ್ನು ಬಹಳ ಜನ ಮರೆಯುತ್ತಾರೆ. ಬಾಸ್ಕೆಟ್ ಮುಂದಿನ ಬಣ್ಣ ಬಳಿದ ಪಟ್ಟಿ ಕಾಲೇಜಿನಲ್ಲಿ 12 ಅಡಿ ಅಗಲ, ಎನ್‌ಬಿಎಯಲ್ಲಿ 16 ಅಡಿ. ಆ ಪಟ್ಟಿಯ ಒಳಗೆ ದಾಳಿ ಮಾಡುವವನು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಹಾಗಾಗಿ ಅಂಚಿನಲ್ಲಿ ನಿಂತು ಚೆಂಡಿಗಾಗಿ ಕಾಯುವ ಸೆಂಟರ್‌ಗೆ ಬಾಸ್ಕೆಟ್ ಎರಡಡಿ ದೂರ ಸರಿದ ಹಾಗಾಯಿತು. ಕಾಲೇಜಿನಲ್ಲಿ ಒಂದು ಹೆಜ್ಜೆ ಹಾಕಿ ತಿರುಗಿ ಮುಗಿಸುತ್ತಿದ್ದ ಶಾಟ್‌ಗೆ ಇಲ್ಲಿ ಎರಡು ಹೆಜ್ಜೆ ಬೇಕು, ಅಷ್ಟರಲ್ಲಿ ಇನ್ನೊಬ್ಬ ಬಂದು ಚೆಂಡು ಬಡಿದಿರುತ್ತಾನೆ. ಎನ್‌ಬಿಎಯಲ್ಲಿ ಒಂದು ದಾಳಿಗೆ 24 ಸೆಕೆಂಡ್, ಕಾಲೇಜಿನಲ್ಲಿ 30. ಬೆನ್ನು ಕೊಟ್ಟು ತಳ್ಳುತ್ತಾ ಜಾಗ ಮಾಡಿಕೊಳ್ಳುವ ನಿಧಾನದ ಆಟಕ್ಕೆ ಎನ್‌ಬಿಎಯಲ್ಲಿ ಪುರುಸೊತ್ತಿಲ್ಲ. ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಎನ್‌ಬಿಎಯಲ್ಲಿ ರಕ್ಷಣೆ ಮಾಡುವವನೂ ಎದುರಾಳಿಯನ್ನು ಹತ್ತಿರದಿಂದ ಕಾಯದೆ ಆ ಪಟ್ಟಿಯೊಳಗೆ ಮೂರು ಸೆಕೆಂಡ್ ದಾಟಿ ನಿಲ್ಲುವಂತಿಲ್ಲ. ಕಾಲೇಜಿನಲ್ಲಿ ಈ ನಿರ್ಬಂಧ ಇಲ್ಲ. ಅಲ್ಲಿ ದೊಡ್ಡಾಳು ರಿಮ್ (ಬಾಸ್ಕೆಟ್‌ನ ಬಳೆ) ಕೆಳಗೆ ಬೇರೂರಿ ನಿಂತು ಬಂದ ಬಂದ ಶಾಟ್‌ಗಳನ್ನು ಬಡಿಯುತ್ತಾ ಇಡೀ ಪಂದ್ಯ ಕಳೆಯಬಹುದು. ಎನ್‌ಬಿಎ ಅವನನ್ನು ಆ ಜಾಗದಿಂದ ಎಬ್ಬಿಸಿ ಬಯಲಿಗೆ ಎಳೆಯುತ್ತದೆ.

ಎಳೆಯುವ ಹಗ್ಗದ ಹೆಸರು ಪಿಕ್ ಅಂಡ್ ರೋಲ್. ಒಂದೇ ಒಂದು ದಾಳಿಯನ್ನು ನಿಧಾನವಾಗಿ ನೋಡೋಣ. ಎದುರಾಳಿ ಗಾರ್ಡ್ (ಚೆಂಡು ನಡೆಸುವ ಚುರುಕು ಆಟಗಾರ) ಮೂರು ಅಂಕದ ಗೆರೆಯ ಆಚೆ ಚೆಂಡು ಪುಟಿಸುತ್ತಿದ್ದಾನೆ. ಅವನ ತಂಡದ ದೊಡ್ಡಾಳು ಮೇಲೆ ಬಂದು, ಗಾರ್ಡ್‌ನನ್ನು ಕಾಯುತ್ತಿರುವವನ ದಾರಿಗೆ ಅಡ್ಡವಾಗಿ ಗೋಡೆಯಂತೆ ನಿಲ್ಲುತ್ತಾನೆ. ಈಗ ನಾವು ಅಳೆಯುತ್ತಿರುವ ಹುಡುಗ ಏನು ಮಾಡುತ್ತಾನೆ? ರಿಮ್ ಕಡೆಗೆ ಹಿಂದೆ ಸರಿದರೆ, ಒಳ್ಳೆಯ ಗಾರ್ಡ್ ಗೆರೆಯಾಚೆಯಿಂದಲೇ ಆರಾಮಾಗಿ ಮೂರು ಅಂಕ ಹೊಡೆಯುತ್ತಾನೆ. ಮುಂದೆ ನುಗ್ಗಿದರೆ ಬೆನ್ನ ಹಿಂದೆ ರಿಮ್ ಖಾಲಿ. ತಾನೇ ಗಾರ್ಡ್‌ನನ್ನು ವಹಿಸಿಕೊಂಡರೆ, ಅಂದರೆ ಸ್ವಿಚ್ ಮಾಡಿದರೆ, ಏಳಡಿ ಮನುಷ್ಯ ಆರಡಿ ಎರಡಿಂಚಿನ ಚುರುಕು ಕಾಲಿನವನ ಎದುರು ಒಂಟಿ. ಇಲ್ಲಿ ಮುಖ ನೋಡಬೇಡಿ, ಚೆಂಡೂ ನೋಡಬೇಡಿ, ಸೊಂಟ ಮತ್ತು ಪಾದ ನೋಡಿ. ಮೊಣಕಾಲು ಬಗ್ಗಿಸಿ ಸೊಂಟ ಕೆಳಗಿಟ್ಟು ಪಕ್ಕಕ್ಕೆ ಜಾರಬಲ್ಲನೇ, ಅಥವಾ ಮರದ ದಿಮ್ಮಿಯಂತೆ ನೆಟ್ಟಗೆ ನಿಂತು ಕಾಲಿಗೆ ಕಾಲು ತೊಡರಿಸಿಕೊಳ್ಳುತ್ತಾನೆಯೇ? ಗಾರ್ಡ್ ದಿಕ್ಕು ಬದಲಿಸಿದಾಗ ಇವನೂ ತಿರುಗಿ ಎರಡು ಹೆಜ್ಜೆ ಓಡಿ ಮತ್ತೆ ಎದುರು ಬರಬಲ್ಲನೇ? ಒಮ್ಮೆ ಹಾರಿ ತಪ್ಪಿದರೆ, ನೆಲ ಮುಟ್ಟಿದ ಕೂಡಲೇ ಎರಡನೇ ಸಲ ಹಾರಬಲ್ಲನೇ? ಈ ಎರಡನೇ ಜಿಗಿತಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಒಂದೇ ಸಲ ಎತ್ತರಕ್ಕೆ ಹಾರುವವರು ಬೇಕಾದಷ್ಟು ಜನ ಸಿಗುತ್ತಾರೆ.

ಎನ್‌ಬಿಎ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಗೆ ಪ್ರಶಸ್ತಿಗಾಗಿ ನಡೆಯುವ ಸರಣಿಗಳಲ್ಲಿ) ಈ ಒಂದು ದೌರ್ಬಲ್ಯವನ್ನು ಎದುರಾಳಿ ಕೋಚ್ ಮತ್ತೆ ಮತ್ತೆ ಅಗೆಯುತ್ತಾನೆ. ಅದೇ 2015ರ ಜೂನ್‌ನಲ್ಲಿ, ಡ್ರಾಫ್ಟ್‌ಗೆ ಎರಡು ವಾರ ಮುಂಚೆ, ಕ್ಲೀವ್‌ಲ್ಯಾಂಡ್ ಎದುರಿನ ಫೈನಲ್ ಸರಣಿಯಲ್ಲಿ 1–2ರ ಹಿನ್ನಡೆಯಲ್ಲಿದ್ದ ಗೋಲ್ಡನ್ ಸ್ಟೇಟ್ ತನ್ನ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಬೆಂಚಿಗೆ ಕಳಿಸಿ ಆಂಡ್ರೆ ಇಗ್ವಡಾಲನನ್ನು ಇಳಿಸಿತು. ಸೆಂಟರ್ ಜಾಗದಲ್ಲಿ ನಿಂತವನು ಆರಡಿ ಆರಿಂಚಿನ ಡ್ರೇಮಂಡ್ ಗ್ರೀನ್. ಮುಂದಿನ ಮೂರೂ ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಬೋಗಟ್ ಸಾಮಾನ್ಯನಲ್ಲ. ಯೂಟಾದಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಾಗಿ, 2005ರ ಡ್ರಾಫ್ಟ್‌ನಲ್ಲಿ ಮೊದಲಿಗನಾಗಿ ಬಂದವನು, ರಕ್ಷಣೆಯಲ್ಲೂ ಗಟ್ಟಿಗ. ಗ್ರೀನ್ ಮಿಷಿಗನ್ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಓದಿ 2012ರಲ್ಲಿ 35ನೆಯವನಾಗಿ ಆಯ್ಕೆಯಾದವನು. ಯಾರನ್ನು ಬೇಕಾದರೂ ಕಾಯಬಲ್ಲ ಎಂಬ ಒಂದು ಗುಣ, ಎಲ್ಲಿ ಯಾರಿಗೆ ಪಾಸ್ ಕೊಡಬೇಕೆಂಬ ತಿಳಿವಳಿಕೆ, ಇವೆರಡೂ ಅವನ ಐದಾರು ಇಂಚಿನ ಕೊರತೆಯನ್ನು ತುಂಬಿದವು.

ಹಾಗಂತ ಎಲ್ಲರೂ ದೂರದಿಂದ ಹೊಡೆಯಲೇಬೇಕು ಎಂದಲ್ಲ. ಡಿಆಂಡ್ರೆ ಜೋರ್ಡನ್ ಟೆಕ್ಸಸ್ ಎ ಅಂಡ್ ಎಂನಲ್ಲಿ ಒಂದೇ ವರ್ಷ ಆಡಿ, ಪಂದ್ಯಕ್ಕೆ ಎಂಟು ಅಂಕವೂ ಇಲ್ಲದೆ, 2008ರಲ್ಲಿ 35ನೆಯವನಾಗಿ ಬಂದ. ಫ್ರೀ ಥ್ರೋ ಅಂತೂ ಕೇಳಲೇಬೇಡಿ, ಅರ್ಧಕ್ಕರ್ಧ ಹೊರಗೆ. ಆದರೂ 2016ರಲ್ಲಿ ಲೀಗಿನ ಅತ್ಯುತ್ತಮ ಐವರ ತಂಡದಲ್ಲಿ ಅವನ ಹೆಸರಿತ್ತು. ಓಡುತ್ತಿದ್ದ, ಹಾರುತ್ತಿದ್ದ, ಗಾಳಿಯಲ್ಲಿ ಎಸೆದ ಪಾಸ್ ಹಿಡಿದು ತುರುಕುತ್ತಿದ್ದ, ಬ್ಲಾಕ್ ಮಾಡುತ್ತಿದ್ದ. ಅದಕ್ಕಿಂತ ಹೆಚ್ಚಿನದಕ್ಕೆ ಕೈ ಹಾಕುತ್ತಿರಲಿಲ್ಲ. ಆ ಕೆಲಸಕ್ಕೆ ಯಾವಾಗಲೂ ಸಂಬಳ ಇದೆ. ಸಂಕಟಕ್ಕೆ ಸಿಲುಕುವವನು ನಡುವಿನವನು: ರಿಮ್ ಕಾಯುವಷ್ಟು ಚುರುಕಿಲ್ಲ, ದೂರದಿಂದ ಹೊಡೆಯುವ ಕೈಯಿಲ್ಲ, ಆದರೆ ಹತ್ತಿರದಲ್ಲಿ ಚೆಂಡು ಕೊಟ್ಟರೆ ಅಂಕ ಹೊಡೆಯುತ್ತಾನೆ. ಎನ್‌ಬಿಎಯಲ್ಲಿ ಅವನಿಗೆ ಅಷ್ಟು ಸಲ ಚೆಂಡು ಕೊಡುವವರಾರು?

ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಪ್ಪತ್ತೆರಡರವನು ಹತ್ತೊಂಬತ್ತರವರ ನಡುವೆ ಬಲದಿಂದ ಗೆಲ್ಲುವುದು ಒಂದು, ಹತ್ತೊಂಬತ್ತರವನೇ ಗೆಲ್ಲುವುದು ಇನ್ನೊಂದು. ಅಯೋವಾದ ಲೂಕಾ ಗಾರ್ಝಾ 2020–21ರಲ್ಲಿ ಪಂದ್ಯಕ್ಕೆ 24.1 ಅಂಕ ಗಳಿಸಿ ದೇಶದ ಅತ್ಯುತ್ತಮ ಆಟಗಾರನಾದ, ಡ್ರಾಫ್ಟ್‌ನಲ್ಲಿ ಸಿಕ್ಕ ಸ್ಥಾನ 52. ಕೆಂಟಕಿಯ ಆಸ್ಕರ್ ಷಿಬ್ವೆ 2022ರಲ್ಲಿ ಅದೇ ಗೌರವ ಪಡೆದವನು, ಪಂದ್ಯಕ್ಕೆ 15 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು). ಮರುವರ್ಷ ಅವನನ್ನು ಯಾರೂ ಆರಿಸಲೇ ಇಲ್ಲ. ಇವರ ಶ್ರಮಕ್ಕೆ ನಾನು ತಲೆಬಾಗುತ್ತೇನೆ, ಕಾಲೇಜಿನಲ್ಲಿ ಅವರು ಮಾಡಿದ್ದು ಸಣ್ಣದಲ್ಲ. ಆದರೆ ಎನ್‌ಬಿಎ ತಂಡಗಳು ಪ್ರಶಸ್ತಿಯ ಪಟ್ಟಿ ನೋಡಿ ಆರಿಸುವುದಿಲ್ಲ.

ಅಂಕಿಅಂಶ ನಮ್ಮನ್ನು ಮೋಸಗೊಳಿಸುವ ಇನ್ನೊಂದು ದಾರಿಯೂ ಇದೆ. ಬ್ಯಾಮ್ ಅಡೆಬಾಯೊ ಕೆಂಟಕಿಯಲ್ಲಿ ಪಂದ್ಯಕ್ಕೆ ಒಂದು ಅಸಿಸ್ಟ್ (ಅಂಕ ತಂದ ಪಾಸ್) ಕೂಡ ಮಾಡುತ್ತಿರಲಿಲ್ಲ. ಮಯಾಮಿಯಲ್ಲಿ 2019–20ರಲ್ಲಿ ಅದು ಐದು ದಾಟಿತು. ಕಾಲೇಜಿನಲ್ಲಿ ಅವನಿಗೆ ವಹಿಸಿದ್ದು ರಿಮ್ ಬಳಿಯ ಕೆಲಸ, ಚೆಂಡು ನಡೆಸುವ ಕೆಲಸ ಗಾರ್ಡ್‌ಗಳದು. ಅವಕಾಶ ಇಲ್ಲದ್ದನ್ನು ಸಾಮರ್ಥ್ಯ ಇಲ್ಲ ಎಂದು ಓದಬಾರದು. ಆದರೆ ಅವನ ಪಾದದ ಚುರುಕು ಅಲ್ಲೇ ಕಾಣುತ್ತಿತ್ತು, ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.

ಎತ್ತರವೊಂದೇ ಸಾಲದು ಎನ್ನುವುದಕ್ಕೆ ನಮಗೆ ಹತ್ತಿರದ ಉದಾಹರಣೆಗಳು 2015ರಲ್ಲೇ ಇವೆ. ಕಾಲೇಜು ಫೈನಲ್ ನಡೆದ ಅದೇ ಏಪ್ರಿಲ್‌ನಲ್ಲಿ ಏಳಡಿ ಐದಿಂಚಿನ ಸಿಮ್ ಭುಲ್ಲರ್ ಸ್ಯಾಕ್ರಮೆಂಟೊ ಪರ ಇಳಿದು ಎನ್‌ಬಿಎಯಲ್ಲಿ ಆಡಿದ ಭಾರತ ಮೂಲದ ಮೊದಲ ಆಟಗಾರನಾದ. ನ್ಯೂ ಮೆಕ್ಸಿಕೊ ಸ್ಟೇಟ್‌ನಲ್ಲಿ ಎದುರಾಳಿಗಳನ್ನು ಎತ್ತರದಿಂದಲೇ ಹೆದರಿಸುತ್ತಿದ್ದ ಅವನಿಗೆ ಎನ್‌ಬಿಎಯಲ್ಲಿ ಸಿಕ್ಕದ್ದು ಮೂರು ಪಂದ್ಯ. ಜೂನ್‌ನಲ್ಲಿ ಪಂಜಾಬಿನ ಬಲ್ಲೋ ಕೆ ಹಳ್ಳಿಯ ಏಳಡಿ ಎರಡಿಂಚಿನ ಸತ್ನಾಮ್ ಸಿಂಗ್, ಕಾಲೇಜು ಮೆಟ್ಟಿಲು ಹತ್ತದೆ ನೇರವಾಗಿ 52ನೆಯವನಾಗಿ ಡಲ್ಲಾಸ್‌ಗೆ ಆಯ್ಕೆಯಾದ. ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲಿಗ. ಇಡೀ ದೇಶ ಕುಣಿದ ಆ ದಿನದ ನಂತರ ಎನ್‌ಬಿಎ ಪಂದ್ಯ ಆಡುವ ಯೋಗ ಅವನಿಗೆ ಬರಲಿಲ್ಲ. ಲೀಗ್ ಅಷ್ಟರಲ್ಲಿ ಆಟವನ್ನು ಅಂಗಳದ ತುಂಬ ಹರಡಿಬಿಟ್ಟಿತ್ತು. ಭಾರದ ದೇಹ ಹೊತ್ತು ಇಡೀ ಅಗಲ ಕಾಯುವುದು ಅಂಥವರಿಗೆ ಬಹಳ ಕಷ್ಟ.

ಈ ಎಲ್ಲ ಅಳತೆಗಳಿಗೆ ಸವಾಲು ಹಾಕುವವನು ಝ್ಯಾಕ್ ಈಡಿ. ಟೊರೊಂಟೊದ ಈ ಏಳಡಿ ನಾಲ್ಕಿಂಚಿನ ಹುಡುಗ ಹೈಸ್ಕೂಲಿನ ತನಕ ಬೇಸ್‌ಬಾಲ್ ಮತ್ತು ಐಸ್ ಹಾಕಿ ಆಡುತ್ತಿದ್ದವನು. ಪರ್ಡ್ಯೂನಲ್ಲಿ ಮೊದಲ ವರ್ಷ 8.7 ಅಂಕ, ಆಮೇಲೆ 14.4, 22.3, 25.2. ಎರಡು ವರ್ಷ ಸತತವಾಗಿ ದೇಶದ ಅತ್ಯುತ್ತಮ ಆಟಗಾರ. 2024ರ ಫೈನಲ್‌ನಲ್ಲಿ 37 ಅಂಕ ಹೊಡೆದರೂ ಕನೆಕ್ಟಿಕಟ್ 75–60ರಲ್ಲಿ ಗೆದ್ದಿತು. ಆ ತಂಡದ ಸೆಂಟರ್ ಡೊನೊವನ್ ಕ್ಲಿಂಗನ್ ಪಂದ್ಯಕ್ಕೆ ಹದಿಮೂರು ಅಂಕದವನು, ಡ್ರಾಫ್ಟ್‌ನಲ್ಲಿ ಏಳನೆಯವನಾದ. ಈಡಿ ಒಂಬತ್ತನೆಯವನಾಗಿ ಮೆಂಫಿಸ್‌ಗೆ ಹೋದ. ಮೊದಲ ವರ್ಷವೇ ಲೀಗಿನ ಅತ್ಯುತ್ತಮ ಐವರು ಹೊಸಬರ ತಂಡದಲ್ಲಿ ಜಾಗ ಪಡೆದ. ನಾನು ಅವನಲ್ಲಿ ಮೆಚ್ಚುವುದು 37 ಅಂಕವನ್ನಲ್ಲ, ವರ್ಷದಿಂದ ವರ್ಷಕ್ಕೆ ಏರಿದ ಆ ನಾಲ್ಕು ಸಂಖ್ಯೆಗಳನ್ನು. ತಡವಾಗಿ ಆಟಕ್ಕೆ ಬಂದು ಪ್ರತಿ ವರ್ಷ ಕಲಿತವನು ಇನ್ನೂ ಕಲಿಯುತ್ತಾನೆ.

ನಮ್ಮ ಕಣ್ಣಿಗೆ ನಿಲುಕದ್ದು ಮೂಳೆ ಮತ್ತು ಕೀಲು. ಒಹಾಯೊ ಸ್ಟೇಟ್‌ನ ಗ್ರೆಗ್ ಓಡನ್ ಮೇಲೆ ಹೇಳಿದ ಯಾವ ಪರೀಕ್ಷೆಯಲ್ಲೂ ಫೇಲಾಗುವವನಾಗಿರಲಿಲ್ಲ. 2007ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ, ಮೊದಲ ಪಂದ್ಯಕ್ಕೆ ಮುನ್ನವೇ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಯಿತು. ಇಡೀ ವೃತ್ತಿಜೀವನದಲ್ಲಿ ಆಡಿದ್ದು 105 ಪಂದ್ಯ. ತಂಡಗಳ ವೈದ್ಯರಿಗೆ ಸಿಗುವ ಎಂಆರ್‌ಐ ನಮಗೆ ಸಿಗುವುದಿಲ್ಲ, ಹಾಗಾಗಿ ಈ ಒಂದು ವಿಷಯದಲ್ಲಿ ಊಹೆಗೆ ಇಳಿಯಬೇಡಿ.

ಮುಂದಿನ ಮಾರ್ಚ್‌ನಲ್ಲಿ ಕಾಲೇಜು ಚಾಂಪಿಯನ್‌ಷಿಪ್ ನಡೆಯುವಾಗ ಬೆಳಗಿನ ಜಾವ ಎದ್ದು ಪಂದ್ಯ ನೋಡುವವರಿಗೆ ಒಂದು ಸಲಹೆ. ಸಣ್ಣ ಕಾಲೇಜಿನ ಎದುರು ನೀವು ಅಳೆಯುತ್ತಿರುವ ಹುಡುಗ 30 ಅಂಕ ಹೊಡೆದ ಪಂದ್ಯ ಬಿಟ್ಟುಬಿಡಿ. ಎದುರಾಳಿ ತಂಡದಲ್ಲಿ ಚುರುಕು ಗಾರ್ಡ್ ಮತ್ತು ಮೂರು ಅಂಕ ಹೊಡೆಯಬಲ್ಲ ದೊಡ್ಡಾಳು ಇಬ್ಬರೂ ಇರುವ ಪಂದ್ಯ ಆರಿಸಿ, ಕೊನೆಯ ಎಂಟು ನಿಮಿಷ ಅವನೊಬ್ಬನನ್ನೇ ನೋಡಿ. ಅವನ ಕೋಚ್ ಆ ಎಂಟು ನಿಮಿಷ ಅವನನ್ನು ಅಂಗಳದಲ್ಲಿ ಬಿಟ್ಟಿದ್ದಾನೆಯೇ, ಅಥವಾ ಎದುರಾಳಿಗೆ ಚೆಂಡು ಹೋದಾಗಲೆಲ್ಲ ಹೊರಗೆ ಕರೆಯುತ್ತಿದ್ದಾನೆಯೇ ಎಂಬುದನ್ನೂ ಗಮನಿಸಿ. ದಿನವೂ ಅಭ್ಯಾಸದಲ್ಲಿ ಅವನನ್ನು ನೋಡುವ ಕೋಚ್‌ಗೆ ಅವನ ಕಾಲುಗಳ ವಿಷಯ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.