ಮಾತ್ರೆ ಕೊಟ್ಟರೆ ನಾಯಿಯ ಕೋಪ ಇಳಿಯುತ್ತದೆಯೇ?

ಪ್ರಶ್ನೆ: ನಮ್ಮ ನಾಲ್ಕು ವರ್ಷದ ನಾಯಿ ಇತ್ತೀಚೆಗೆ ಮನೆಗೆ ಬಂದವರ ಮೇಲೆಲ್ಲ ಎರಗುತ್ತಿದೆ. ಮನುಷ್ಯರ ನಿದ್ರೆ ಮಾತ್ರೆಯನ್ನೇ ಅರ್ಧ ಕೊಟ್ಟು ನೋಡಿ ಎಂದು ನೆರೆಯವರು ಹೇಳುತ್ತಾರೆ. ಔಷಧಿಯಿಂದ ಪ್ರಾಣಿಯ ಕೋಪ ತಗ್ಗುವುದು ನಿಜವೇ?

ಉತ್ತರ: ದಯವಿಟ್ಟು ಆ ಅರ್ಧ ಮಾತ್ರೆಯನ್ನು ಕೊಡಬೇಡಿ. ಔಷಧಿಗಳು ಪ್ರಾಣಿಗಳ ಆಕ್ರಮಣಶೀಲತೆಯನ್ನು ಬದಲಿಸುತ್ತವೆ ಎಂಬುದು ನಿಜವಾದರೂ, ಅವು ಕೋಪವನ್ನಷ್ಟೇ ಹುಡುಕಿ ತೆಗೆಯುವುದಿಲ್ಲ. ನಮಗೆ ಕೋಪವೆಂದು ಕಾಣುವುದರ ಹಿಂದೆ ಭಯವಿರಬಹುದು, ನೋವಿರಬಹುದು, ಅನ್ನದ ತಟ್ಟೆಯನ್ನೋ ಮರಿಗಳನ್ನೋ ಕಾಯುವ ಹಟವಿರಬಹುದು.

ಪ್ರಯೋಗಾಲಯಗಳಲ್ಲಿ ಇದನ್ನು ಅಳೆಯಲು ಬಳಸುವ ಒಂದು ಹಳೆಯ ವಿಧಾನವಿದೆ. ಗಂಡು ಇಲಿಯೊಂದು ನೆಲೆಸಿರುವ ಪಂಜರದೊಳಗೆ ಅಪರಿಚಿತ ಗಂಡನ್ನು ಬಿಟ್ಟು, ಒಡೆಯ ಇಲಿ ಎಷ್ಟು ಬೇಗ, ಎಷ್ಟು ಬಾರಿ ಕಚ್ಚುತ್ತದೆ ಎಂದು ಎಣಿಸುತ್ತಾರೆ. ಇಂಥ ಇಲಿಗೆ ಮದ್ಯಸಾರವನ್ನು ಸ್ವಲ್ಪ ಪ್ರಮಾಣದಲ್ಲಿ ಕೊಟ್ಟಾಗ ಕೆಲವು ಇಲಿಗಳು ಮೊದಲಿಗಿಂತ ಹೆಚ್ಚು ಕಚ್ಚುತ್ತವೆ, ಕೆಲವು ಬದಲಾಗುವುದೇ ಇಲ್ಲ. ಪ್ರಮಾಣ ಹೆಚ್ಚಾದಾಗ ಮಾತ್ರ ಕಚ್ಚುವುದು ನಿಲ್ಲುತ್ತದೆ, ಏಕೆಂದರೆ ಆಗ ಇಲಿಗೆ ನೆಟ್ಟಗೆ ನಿಲ್ಲಲೂ ಆಗುವುದಿಲ್ಲ. ಡಯಾಜೆಪಾಮ್ ಗುಂಪಿನ ಆತಂಕ ನಿವಾರಕಗಳಲ್ಲಿಯೂ ಇಂಥದೇ ಇಬ್ಬಗೆಯ ಪರಿಣಾಮ ಕಂಡುಬಂದಿದೆ. ಭಯದ ಕಾರಣದಿಂದ ತನ್ನನ್ನು ತಾನೇ ತಡೆದುಕೊಂಡಿದ್ದ ನಾಯಿಯಲ್ಲಿ ಆ ಭಯವನ್ನು ಇಳಿಸಿದಾಗ, ತಡೆಯೂ ಕಳಚಿಬಿಡಬಹುದು.

ಔಷಧಿಯ ಪರಿಣಾಮ ಆ ಪ್ರಾಣಿಯ ಸಾಮಾಜಿಕ ಸ್ಥಾನವನ್ನೂ ಅವಲಂಬಿಸಿದೆ ಎಂಬುದು ನನಗೆ ಇನ್ನೂ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಅಮೆರಿಕದ ಸಂಶೋಧಕರಾದ ಮೈಕೆಲ್ ರ್‍ಯಾಲಿ, ಮೈಕೆಲ್ ಮೆಕ್‌ಗೈರ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ವೆಟ್ ಮಂಗಗಳ 12 ಗುಂಪುಗಳಿಂದ ಯಜಮಾನ ಗಂಡನ್ನು ಹೊರತೆಗೆದು, ಉಳಿದ ಗಂಡುಗಳಲ್ಲಿ ಒಂದಕ್ಕೆ ಔಷಧಿ ಕೊಟ್ಟರು. ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕದ ಕೆಲಸವನ್ನು ಮಿದುಳಿನಲ್ಲಿ ಹೆಚ್ಚಿಸುವ ಫ್ಲೂಆಕ್ಸೆಟಿನ್ (ಮನುಷ್ಯರ ಖಿನ್ನತೆಗೆ ಕೊಡುವ ಔಷಧಿ) ಅಥವಾ ಟ್ರಿಪ್ಟೊಫ್ಯಾನ್ (ಆಹಾರದ ಪ್ರೋಟೀನಿನಲ್ಲಿರುವ ಒಂದು ಅಂಶ) ಪಡೆದ ಗಂಡು ಯಜಮಾನನಾಯಿತು. ಅದನ್ನು ಕುಗ್ಗಿಸುವ ಔಷಧಿ ಪಡೆದದ್ದು ಕೆಳಗುಳಿಯಿತು. ಮೇಲೇರಿದ ಗಂಡು ಹೊಡೆದಾಡಿ ಏರಲಿಲ್ಲ, ಮೊದಲು ಹೆಣ್ಣು ಮಂಗಗಳೊಂದಿಗೆ ಒಡನಾಟ ಬೆಳೆಸಿ, ಅವುಗಳ ಬೆಂಬಲದಿಂದ ಏರಿತು. ಸಿಗಡಿಯ ಸಂಬಂಧಿಯಾದ ಕ್ರೇಫಿಶ್ ಕುರಿತು 1996ರಲ್ಲಿ ಬಂದ ಅಧ್ಯಯನ ಇನ್ನೂ ಒಳಕ್ಕೆ ಇಳಿಯಿತು: ಬಾಲ ಬಡಿದು ತಪ್ಪಿಸಿಕೊಳ್ಳುವಂತೆ ಮಾಡುವ ನರಕೋಶದ ಸ್ಪಂದನೆಯನ್ನು ಸೆರೊಟೋನಿನ್ ಮೇಲುಗೈ ಸಾಧಿಸಿದ ಪ್ರಾಣಿಯಲ್ಲಿ ಹೆಚ್ಚಿಸಿತು, ಸೋತು ಕೆಳಗಿದ್ದ ಪ್ರಾಣಿಯಲ್ಲಿ ತಗ್ಗಿಸಿತು.

ಈಗ ನಿಮ್ಮ ನಾಯಿಯ ವಿಷಯಕ್ಕೆ ಬರೋಣ. ಪ್ರಯಾಣದ ವೇಳೆ ನಾಯಿಗಳಿಗೆ ಬಹುಕಾಲದಿಂದ ಕೊಡುತ್ತಾ ಬಂದಿರುವ ಏಸ್‌ಪ್ರೊಮಜೀನ್ ಎಂಬ ಮದ್ದು ನಾಯಿಯ ಚಲನೆಯನ್ನು ಕುಗ್ಗಿಸುತ್ತದೆಯೇ ಹೊರತು ಭಯವನ್ನು ಅಷ್ಟಾಗಿ ಇಳಿಸುವುದಿಲ್ಲ. ಮಂಕಾಗಿ ಮಲಗಿದ ನಾಯಿ ಶಬ್ದಕ್ಕೆ ಬೆಚ್ಚಿ ಥಟ್ಟನೆ ಕಚ್ಚಬಲ್ಲದು. ಫ್ಲೂಆಕ್ಸೆಟಿನ್ ಅನ್ನು ಪಶುವೈದ್ಯರು ನಾಯಿಗಳಿಗೂ ಬರೆದುಕೊಡುತ್ತಾರೆ, ಆದರೆ ಅದರ ಫಲ ಕಾಣಲು ಹಲವು ವಾರಗಳು ಬೇಕು. ಅಮೆರಿಕದಲ್ಲಿ 2007ರಲ್ಲಿ ಅದಕ್ಕೆ ಅನುಮತಿ ದೊರೆತದ್ದು ಒಡೆಯರನ್ನು ಅಗಲಿದಾಗ ನಾಯಿ ಪಡುವ ಆತಂಕಕ್ಕೆ, ಅದೂ ನಡವಳಿಕೆಯ ತರಬೇತಿಯ ಜೊತೆಗೆ ಬಳಸಬೇಕೆಂಬ ಸೂಚನೆಯೊಂದಿಗೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಪದ ‘ಇತ್ತೀಚೆಗೆ’ ಎಂಬುದು. ನಾಲ್ಕು ವರ್ಷ ಸಾಧುವಾಗಿದ್ದ ನಾಯಿ ಏಕಾಏಕಿ ಬದಲಾದರೆ ಕಿವಿಯ ಸೋಂಕು, ಹಲ್ಲುನೋವು, ಕೀಲುನೋವುಗಳನ್ನು ಮೊದಲು ಪರೀಕ್ಷಿಸಬೇಕು. ನಮ್ಮ ದೇಶದಲ್ಲಿ ರೇಬಿಸ್ ಅನ್ನೂ ಮರೆಯುವಂತಿಲ್ಲ. ಅದು ಯಾರನ್ನಾದರೂ ಕಚ್ಚಿದ್ದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಲು ಹೇಳಿ. ಪಶುವೈದ್ಯರ ಬಳಿಗೆ ಬಾಯಿಕುಕ್ಕೆ ಹಾಕಿ ಕರೆದೊಯ್ಯಿರಿ. ಲಸಿಕೆಯ ಚೀಟಿಯನ್ನೂ, ನಾಯಿ ಯಾರ ಮೇಲೆ, ಯಾವ ಹೊತ್ತಿನಲ್ಲಿ, ಏನಾದಾಗ ಎರಗಿತು ಎಂಬುದನ್ನು ಬರೆದಿಟ್ಟ ಹಾಳೆಯನ್ನೂ ಜೊತೆಗೆ ಒಯ್ಯಿರಿ.